ಹನ್ನೊಂದನೇದು

ಮೇಲ್ಮನಿ ಅಂದ್ರ ಮಾಳಿಗಿ ಅಂತ ತಿಳದಿದ್ದೆ ನಾನು.
ಊರ ಮಂದಿ ಓಟು ಬೇಕಾಗಿಲ್ಲಂತ ಅದಕ್ಕ,
ಮೆಂಬರಂದು ಅಷ್ಟ ಸಾಕಂತ.
ಬಾಗಲಕೋಟಿ ಸೀಮಿ, ಆರ್.ಸಿ. ಮೂರನೇ ವಾರ್ಡು,
ಸಾಂವಕ್ಕ ದೊಡಮನಿ, ಮೆಂಬರು:
ಎರಡು ವರ್ಷದಾಗ ಒಂದು ಬೋರು, ಒಂದು ಗಟಾರ,
ಅರ್ಧಕ್ಕ ನಿಂತ ಸುಡಗಾಡ ಕಂಪೌಂಡು.
ಈ ವಾರ ಮಾತ್ರ ಎಲ್ಲಾರ ಬಾಯಾಗೂ ನಾನು "ಅಕ್ಕಾರ".

ಸಿದರಾಯ ಸಾವಕಾರ ಹೋದ ಸಲ ಆ ಪಕ್ಷದಾಗಿದ್ದ,
ಈ ಸಲ ಈ ಪಕ್ಷ.
ಈಚಿ ಕಡೆಯವ ಆಚಿ ಹೋಗ್ಯಾನ.
ಜೀಪಿನ ಮ್ಯಾಲಿನ ಬಣ್ಣ ಒಣಗಿಲ್ಲ ಇನ್ನೂ,
ಮುಟ್ಟಿದ್ರ ಬೆರಳಿಗೆ ಹತ್ತತೈತಿ.
ನಾವು ಯಾಕ ನಗಬೇಕು?
ನಾವೂ ಊರಿಗೂರ ಜಾಗ ಬದಲ ಮಾಡಿದವರು.
ಹಿನ್ನೀರು ಬಂತು,
ದ್ಯಾಮವ್ವನ್ನ ಟ್ರ್ಯಾಕ್ಟರಿನಾಗ ಕುಂದ್ರಿಸಿ ಗುಡ್ಡ ಹತ್ತಿದಿವಿ.
ಅಲ್ಲಿ ಓಣಿಗೆ ಹೆಸರಿದ್ದುವು. ಇಲ್ಲಿ ಪ್ಲಾಟ್ ನಂಬರು.
ನಂದು ನೂರಾ ಹನ್ನೆರಡು.

ಬಸ್ಸು ರಾತ್ರಿ ಬಂತು.
ಫೋನೆಲ್ಲಾ ಸ್ಟೀಲ್ ಡಬರಿಯೊಳಗ ಹಾಕಿಸಿಕೊಂಡ ಚನಮಲ್ಲ,
ರೊಟ್ಟಿ ಮುಚ್ಚಿದಂಗ ಅರಿವಿ ಮುಚ್ಚಿದ.
ದಾಂಡೇಲಿ ಕಡೆ ಯಾವುದೋ ರಿಸಾರ್ಟು.
ನಾಕು ದಿನ. ಮೂರು ಹೊತ್ತೂ ಪನೀರು.
ರೇಷ್ಮಾ ನದಾಫ ಈಜೂ ಹೊಂಡಕ್ಕ ಕಾಲು ಇಳಿಬಿಟ್ಟು
"ಅಕ್ಕಾ, ಇದರ ತಳಕ್ಕ ಯಾರ ಮನಿ ಐತಿ?" ಅಂದಳು.
ನಕ್ಕಿವಿ. ಆಮ್ಯಾಲ ಇಬ್ಬರೂ ಸುಮ್ಮನಾದಿವಿ.

ದಿನಾ ಮುಂಜಾನೆ ತರಬೇತಿ.
ಅವರು ಕೊಟ್ಟ ನೇರಳೆ ಪೆನ್ನ ಹಿಡೀಬೇಕು,
ಸಹಿ ಮಾಡಬಾರದು, ಟಿಕ್ ಹಾಕಬಾರದು, ಹೆಬ್ಬಟ್ಟು ಒತ್ತಬಾರದು.
ಸಾವಕಾರರ ಹೆಸರಿನ ಮುಂದ ಒಂದು. ಅಷ್ಟ.
ಎಮ್ಮಿಗೆ ಹಿಂಡಿ ಇಟ್ಟಾರೋ ಇಲ್ಲೋ ಅಂತ ನನಗ ಚಿಂತಿ,
ಚನಮಲ್ಲ ಹಾಳ್ಯಾಗ ಒಂದು ಬರಿಸಿದ, ಐವತ್ತು ಸಲ,
ಸಾಲಿಗೆ ಹೊಸದಾಗಿ ಹೆಸರು ಹಚ್ಚಿದಂಗ.

ಮೂರನೆಯವರು ಗದಿಗೆಪ್ಪ ಮಾಸ್ತರು. ಸ್ವತಂತ್ರ.
ನಮ್ಮ ಪರಿಹಾರದ ಅರ್ಜಿ ಬರಕೊಟ್ಟವರು,
ಮುಳುಗಿದ ಬೇವಿನ ಗಿಡಕ್ಕೂ ರೇಟು ಹಚ್ಚಿಸಿದವರು.
ಹಳೇ ಲೂನಾದ ಮ್ಯಾಲ ಬಂದಿದ್ದರು ಒಂದು ಸಲ,
ಓಟು ಕೇಳೂದು ಮರತು
ಮಗಳ ಜಾತಿ ಸರ್ಟಿಫಿಕೇಟು ಬಂತೇನು ಅಂತ ಕೇಳಿ ಹೋದರು.

ಪಂಚಾಯ್ತಿ ಖೋಲಿ. ರಟ್ಟಿನ ಮರೆ.
ಐವತ್ತು ಸಲ ತಿದ್ದಿದ ಒಂದು
ಮಾಸ್ತರರ ಹೆಸರಿನ ಮುಂದ ತಾನ ಬಿತ್ತು, ನೆಟ್ಟಗ.
ಹೊರಗ ಚನಮಲ್ಲನ ಕೆಮ್ಮು.
ನಾಕು ದಿನ ಅವನ ಅನ್ನ ಉಂಡೀನಿ.
ಋಣವೋ ಅಂಜಿಕಿಯೋ, ಇವತ್ತಿಗೂ ಹೇಳಾಕ ಬರವಲ್ಲದು,
ಸಾವಕಾರನ ಮುಂದ ಸಣ್ಣದೊಂದು ಎರಡು ಬರದೆ.

ಎಣಿಕಿ ವಿಜಾಪುರದಾಗ.
ಮಾಸ್ತರಿಗೆ ಹನ್ನೊಂದು. ಮೊದಲ ಅವರನ್ನ ತಗದರು.
ತಗದ ಮ್ಯಾಲ ಅವರ ಚೀಟಿ ಹರದು ಒಗೆಯೂದಿಲ್ಲಂತ,
ಎರಡು ಎಲ್ಲಿ ಐತಿ ನೋಡಿ ಅಲ್ಲಿಗೆ ಸಾಗಿಸ್ತಾರಂತ.
ಓಟಿಗೂ ಪುನರ್ವಸತಿ!
ನನ್ನ ಒಂದು ಮುಳುಗಿತು,
ನನ್ನ ಎರಡು ಗುಡ್ಡ ಹತ್ತಿ
ಸಾವಕಾರನ ಪ್ಲಾಟಿನಾಗ ಹೋಗಿ ಕುಂತಿತು.
ಆರು ಓಟಿಲೆ ಗೆದ್ದ.
ಪಟಾಕಿ ನಮ್ಮ ಕಡೆನೂ ಹೊಡದರು,
ಎಮ್ಮಿ ಹಗ್ಗ ಹರಕೊಂಡು ಓಡಿತು, ಹಳೇ ಊರಿನ ದಿಕ್ಕಿಗೆ,
ನೀರು ಕಂಡು ನಿಂತಿತು.

ಎಂಟು ದಿನಕ್ಕ ಮಾಸ್ತರು ಬಂದರು, ಕೈಯಾಗ ಸರ್ಟಿಫಿಕೇಟು.
ಚಾ ಇಟ್ಟೆ.
"ಹನ್ನೊಂದು ಬಂದುವು ಸಾಂವಕ್ಕ" ಅಂದರು.
"ಹತ್ತು ಯಾರವಂತ ಗೊತ್ತೈತಿ, ನಾಮಪತ್ರಕ್ಕ ಸಹಿ ಹಾಕಿದವರು.
ಹನ್ನೊಂದನೇದು ಯಾರದು ಅಂತ
ರಾತ್ರಿ ನಿದ್ದಿ ಹತ್ತವಲ್ಲದು, ಖುಷಿಗೆ."

ಸೋಸೂ ಜಾಳಗಿ ಕೈಯಾಗ ಹಂಗ ನಿಂತಿತು.
ಸಕ್ಕರಿ ಸಾಕೇನ್ರಿ, ಅಂದೆ.